ಅಲೆಕ್ಸಾಂಡರನು ಉಳಿಸಿಕೊಂಡ ಆಸ್ತಿ

ಲೋಕವು ವೀರರೆಂದು ಕೊಂಡಾಡುವವರ ಚರಿತ್ರೆಯನ್ನು ಶರಣಮಾರ್ಗದಲ್ಲಿ ನಡೆಯುವವರೂ ಆಗಾಗ ಓದಿ ನೋಡುವುದು ಒಳ್ಳೆಯದು. ನಾವು ತ್ಯಾಗವೆಂದೂ ನಿಗ್ರಹವೆಂದೂ ಕರೆಯುವ ಗುಣಗಳು ನಮ್ಮಲ್ಲಿ ಎಷ್ಟರಮಟ್ಟಿಗೆ ನಿಜವಾಗಿವೆ ಎಂಬುದನ್ನು ಒರೆಹಚ್ಚಿ ನೋಡಲು ಅದು ನೆರವಾಗುತ್ತದೆ. ಗ್ರೀಕರ ದೊರೆ ಅಲೆಕ್ಸಾಂಡರನ ಜೀವನವು ಇಂಥದೊಂದು ಒರೆಗಲ್ಲು.

ಆತನು ಕ್ರಿ.ಪೂ. ೩೫೬ರಲ್ಲಿ ಮ್ಯಾಸಿಡೋನಿಯದ ರಾಜಧಾನಿಯಾದ ಪೆಲ್ಲಾ ನಗರದಲ್ಲಿ ಜನಿಸಿದನು. ತಂದೆ ಎರಡನೆಯ ಫಿಲಿಪ್, ತಾಯಿ ಒಲಿಂಪಿಯಾಸ್. ಬಾಲ್ಯದಲ್ಲಿ ಆತನಿಗೆ ದೊರೆತ ಗುರುವು ತತ್ತ್ವಜ್ಞಾನಿಗಳಲ್ಲಿ ಅಗ್ರಗಣ್ಯನಾದ ಅರಿಸ್ಟಾಟಲನು. ೩೩೬ರಲ್ಲಿ ಫಿಲಿಪನು ಕೊಲೆಗೀಡಾಗಲು, ಇಪ್ಪತ್ತು ವರ್ಷದ ಕುಮಾರನು ಪಟ್ಟಕ್ಕೆ ಬಂದನು. ಮರುವರ್ಷವೇ ದಂಗೆಯೆದ್ದ ಥೀಬ್ಸ್ ನಗರವನ್ನು ನೆಲಸಮ ಮಾಡಿ, ಬದುಕುಳಿದವರಲ್ಲಿ ಬಹುಮಂದಿಯನ್ನು ದಾಸ್ಯಕ್ಕೆ ಮಾರಿಸಿದನು.

೩೩೪ರಲ್ಲಿ ಪಾರಸಿಕ ಸಾಮ್ರಾಜ್ಯದ ಮೇಲೆ ದಂಡೆತ್ತಿ ಹೊರಟಾಗ ನಡೆದ ಸಂಗತಿಯೊಂದನ್ನು ಪ್ಲೂಟಾರ್ಕನೆಂಬ ಗ್ರೀಕ್ ಲೇಖಕನು ತಿಳಿಸಿದ್ದಾನೆ. ಅಲೆಕ್ಸಾಂಡರನು ತನ್ನ ಸಂಗಡಿಗರಲ್ಲಿ ಒಬ್ಬನಿಗೆ ಹೊಲವನ್ನು, ಒಬ್ಬನಿಗೆ ಹಳ್ಳಿಯನ್ನು, ಮತ್ತೊಬ್ಬನಿಗೆ ಬಂದರಿನ ಆದಾಯವನ್ನು ಕೊಟ್ಟು, ಅರಸುಮನೆತನದ ಸ್ವತ್ತನ್ನು ಬಹುಮಟ್ಟಿಗೆ ಹಂಚಿಬಿಟ್ಟನಂತೆ. ಪೆರ್ಡಿಕಸ್ ಎಂಬ ಸೇನಾನಿಯು ಬೆರಗಾಗಿ, ದೊರೆಗೆ ಉಳಿದುದೇನೆಂದು ಕೇಳಿದನು. ಮುಂದಣ ಆಸೆಯೇ ತನಗುಳಿದುದೆಂದು ದೊರೆಯು ಉತ್ತರವಿತ್ತನು. ಹಾಗಾದರೆ ಅದರಲ್ಲಿಯೇ ತನಗೂ ಪಾಲಿರಲೆಂದು ಪೆರ್ಡಿಕಸನು ತನಗೆ ಬಂದ ಸ್ವತ್ತನ್ನು ನಿರಾಕರಿಸಿದನು.

ಈ ಔದಾರ್ಯವನ್ನು ಕೇಳಿ ತಲೆದೂಗದವರಾರು? ಆದರೆ ಎಲ್ಲವನ್ನೂ ಕೊಟ್ಟವನು ಏನನ್ನು ಉಳಿಸಿಕೊಂಡನೆಂಬುದನ್ನು ವಿಚಾರಿಸಿರಿ. ಅಲ್ಲಮಪ್ರಭುದೇವರು ಹೊರಗಿನ ಐಶ್ವರ್ಯವನ್ನು ಮಾಯೆಯೆನ್ನಲೊಪ್ಪದೆ, ಮನಸ್ಸಿನ ಆಸೆಯಲ್ಲಿಯೇ ಅದರ ನೆಲೆಯನ್ನು ತೋರಿದರು. ಅಲೆಕ್ಸಾಂಡರನು ಫಲವನ್ನೆಲ್ಲ ಹಂಚಿದನು. ಬೀಜವನ್ನು ಮಾತ್ರ ತನ್ನಲ್ಲಿರಿಸಿಕೊಂಡನು.

ಆ ಬೀಜವು ಬೆಳೆದ ಬಗೆಯನ್ನು ನೋಡೋಣ. ಗ್ರನಿಕಸ್ ನದಿಯ ದಡದಲ್ಲಿ ಆತನಿಗೆ ಮೊದಲ ಜಯ ದೊರೆಯಿತು. ೩೩೩ರಲ್ಲಿ ಇಸ್ಸಸ್ ಎಂಬಲ್ಲಿ ಪಾರಸಿಕ ಚಕ್ರವರ್ತಿ ಮೂರನೆಯ ಡೇರಿಯಸನು ಸೋತು ಪಲಾಯನ ಮಾಡಿದನು. ಟೈರ್ ನಗರವು ಏಳು ತಿಂಗಳ ಮುತ್ತಿಗೆಯ ಬಳಿಕ ಬಿದ್ದಿತು. ಈಜಿಪ್ಟು ವಶವಾಗಿ, ಅಲ್ಲಿ ಅಲೆಕ್ಸಾಂಡ್ರಿಯ ನಗರವು ಸ್ಥಾಪಿತವಾಯಿತು. ೩೩೧ರಲ್ಲಿ ಗೌಗಮೇಲದ ಸಮರವು ಪಾರಸಿಕರ ಬಲವನ್ನು ಮುರಿಯಿತು. ಮರುವರ್ಷ ಪರ್ಸೆಪೊಲಿಸಿನ ಅರಮನೆಯು ಬೆಂಕಿಗೆ ಆಹುತಿಯಾಯಿತು. ಹಿಂದೆ ಪಾರಸಿಕರು ಗ್ರೀಸಿನ ಮೇಲೆ ಮಾಡಿದ ಆಕ್ರಮಣಕ್ಕೆ ಪ್ರತೀಕಾರವೆಂಬುದು ಈ ದಂಡಯಾತ್ರೆಗೆ ಕೊಟ್ಟಿದ್ದ ಕಾರಣ. ಅದೇ ವರ್ಷ ಡೇರಿಯಸನೂ ತನ್ನವರ ಕೈಯಿಂದಲೇ ಹತನಾದುದರಿಂದ ಆ ಕಾರಣವು ತೀರಿತು; ದಂಡು ಮಾತ್ರ ನಿಲ್ಲಲಿಲ್ಲ. ಆಸೆಗೆ ಕಾರಣವೆಂಬುದು ಹೊದಿಕೆ. ಒಂದು ಹರಿದರೆ ಮತ್ತೊಂದನ್ನು ಹೊದೆಯುತ್ತದೆ.

೩೨೮ರಲ್ಲಿ ಇಂದಿನ ಸಮರ್ಖಂಡದಲ್ಲಿ ಪಾನಗೋಷ್ಠಿಯೊಂದು ನಡೆಯಿತು. ಗ್ರನಿಕಸ್ ಕಾಳಗದಲ್ಲಿ ವೈರಿಯ ತೋಳನ್ನು ಕಡಿದು ಅಲೆಕ್ಸಾಂಡರನ ಪ್ರಾಣವನ್ನುಳಿಸಿದ್ದ ಕ್ಲೀಟಸನು ಅಲ್ಲಿದ್ದನು. ಹೊಗಳುಭಟ್ಟರ ಮಾತನ್ನು ಸಹಿಸದೆ ಅವನು ದೊರೆಯನ್ನು ಚುಚ್ಚಿ ನುಡಿದನು. ಕೋಪಾವಿಷ್ಟನಾದ ದೊರೆಯು ಭಲ್ಲೆಯಿಂದ ಇರಿದು ಅವನನ್ನು ಕೊಂದನು. ಬಳಿಕ ಅನ್ನಪಾನಗಳನ್ನು ತೊರೆದು ಗೋಳಾಡಿದನು. ಸತ್ತ ಗೆಳೆಯನು ಮರಳಲಿಲ್ಲ.

೩೨೬ರಲ್ಲಿ ಸಿಂಧೂ ನದಿಯನ್ನು ದಾಟಿ ಆತನು ತಕ್ಷಶಿಲೆಗೆ ಬಂದನು. ವಿತಸ್ತಾ ತೀರದಲ್ಲಿ ಪೌರವರಾಜನನ್ನು ಸೋಲಿಸಿಯೂ ಅವನ ರಾಜ್ಯವನ್ನು ಅವನಿಗೇ ಒಪ್ಪಿಸಿದುದು ಮೆಚ್ಚತಕ್ಕ ನಡತೆ. ಭರತಖಂಡದ ವಿರಕ್ತರು ಆತನನ್ನು ಕಂಡು ಕಾಲಿನಿಂದ ನೆಲವನ್ನು ತಟ್ಟಿ, ಪ್ರತಿಯೊಬ್ಬ ಮನುಷ್ಯನಿಗೂ ತಾನು ನಿಂತಿರುವಷ್ಟೇ ಭೂಮಿಯೆಂದು ತಿಳಿಸಿದರೆಂದು ಅರ್ರಿಯನನೆಂಬ ಚರಿತ್ರಕಾರನು ಬರೆದಿದ್ದಾನೆ. ದೊರೆಯು ಆ ಮಾತನ್ನು ಮೆಚ್ಚಿದನಾದರೂ ಅದಕ್ಕೆ ವಿರುದ್ಧವಾಗಿಯೇ ನಡೆದನೆಂದೂ ಅವನು ಸೇರಿಸಿದ್ದಾನೆ. ನುಡಿಯನ್ನು ಮೆಚ್ಚುವುದು ಸುಲಭ, ಅದನ್ನು ನಡೆಯಾಗಿಸುವುದು ಕಠಿಣ. ಕೊನೆಗೆ ವಿಪಾಶಾ ನದಿಯ ದಡದಲ್ಲಿ ಆತನನ್ನು ನಿಲ್ಲಿಸಿದುದು ವಿವೇಕವಲ್ಲ; ಮುಂದೆ ಬರಲೊಲ್ಲೆವೆಂದ ಸ್ವಂತ ಸೈನ್ಯ.

೩೨೫ರಲ್ಲಿ ಹಿಂದಿರುಗುವಾಗ ಗೆಡ್ರೋಸಿಯದ ಮರುಭೂಮಿಯಲ್ಲಿ ಸೈನ್ಯವು ನೀರಿಲ್ಲದೆ ನರಳಿತು. ಯಾರೋ ಸ್ವಲ್ಪ ನೀರನ್ನು ಶಿರಸ್ತ್ರಾಣದಲ್ಲಿ ತಂದುಕೊಡಲು, ಬಾಯಾರಿ ಬಳಲಿದ್ದ ದೊರೆಯು ಎಲ್ಲರೂ ನೋಡುತ್ತಿರುವಂತೆ ಅದನ್ನು ನೆಲಕ್ಕೆ ಸುರಿದನು. ಆ ಒಂದು ಕೃತ್ಯದಿಂದ ಸೈನಿಕರಿಗೆಲ್ಲ ನೀರು ಕುಡಿದಷ್ಟು ಚೈತನ್ಯ ಬಂದಿತಂತೆ.

ದಾಹವನ್ನು ಗೆದ್ದ ಈ ಪುರುಷನಿಗೆ ಗೆಳೆಯನ ಒಂದು ಮಾತನ್ನು ಸಹಿಸಲು ಏಕೆ ಸಾಧ್ಯವಾಗಲಿಲ್ಲ? ನೀರನ್ನು ಚೆಲ್ಲಿದಾಗ ದೇಹಕ್ಕೆ ಕಷ್ಟವಾಯಿತು, ‘ನಾನು’ ಎಂಬುದು ಬೆಳೆಯಿತು. ಕ್ಲೀಟಸನ ಮಾತು ತಗುಲಿದುದು ಆ ‘ನಾನು’ ಎಂಬುದಕ್ಕೇ. ಆಸೆಯು ತನ್ನ ಕಾರ್ಯಕ್ಕಾಗಿ ಹಸಿವು ದಾಹಗಳನ್ನು ಸಹಿಸಬಲ್ಲುದು, ದಾನವನ್ನೂ ಮಾಡಬಲ್ಲುದು. ತನ್ನನ್ನು ಮಾತ್ರ ತಾನು ಬಿಡಲಾರದು. ಬಸವಣ್ಣನವರು ಕಳವು ಕೊಲೆಗಳನ್ನು ನಿಷೇಧಿಸಿದೆಡೆಯಲ್ಲಿಯೇ ಕೋಪವನ್ನೂ ನಿಷೇಧಿಸಿದುದರ ಮರ್ಮವಿದು.

೩೨೩ರಲ್ಲಿ, ಮೂವತ್ತಮೂರು ವರ್ಷ ತುಂಬುವ ಮುನ್ನವೇ, ಆತನು ಬ್ಯಾಬಿಲೋನಿನಲ್ಲಿ ಜ್ವರದಿಂದ ಮಡಿದನು. ಆಗಲೂ ಅರೇಬಿಯದ ದಂಡಯಾತ್ರೆಗೆ ಸಿದ್ಧತೆ ನಡೆಯುತ್ತಿದ್ದಿತು. ಮುದ್ರೆಯುಂಗುರವು ಪೆರ್ಡಿಕಸನ ಕೈಸೇರಿತು. ಆಸೆಯಲ್ಲಿ ಪಾಲು ಕೇಳಿದ್ದ ಅವನು ಕೆಲವೇ ವರ್ಷಗಳಲ್ಲಿ ಈಜಿಪ್ಟಿನಲ್ಲಿ ತನ್ನ ಅಧಿಕಾರಿಗಳಿಂದಲೇ ಹತನಾದನು. ಸೇನಾನಿಗಳು ಸಾಮ್ರಾಜ್ಯಕ್ಕಾಗಿ ಕಾದಾಡಿದರು. ಅಲೆಕ್ಸಾಂಡರನ ತಾಯಿಯೂ, ಪತ್ನಿ ರೊಕ್ಸಾನಳೂ, ತಂದೆಯ ಮುಖವನ್ನೇ ಕಾಣದ ಮಗನೂ ಆ ಕಲಹದಲ್ಲಿ ಕೊಲೆಯಾದರು. ಆತನು ಉಳಿಸಿಕೊಂಡ ಆಸ್ತಿಯು ವಾರಸುದಾರರಿಗೆ ಹೀಗೆ ಸಂದಿತು.

ನಾವು ರಾಜ್ಯಗಳನ್ನು ಗೆಲ್ಲಹೊರಟವರಲ್ಲ. ಆದರೂ ದಾಸೋಹಕ್ಕೆ ಅಕ್ಕಿಯನ್ನಿತ್ತು, ಕಲ್ಲಿನ ಮೇಲೆ ಹೆಸರು ಕಾಣದಿದ್ದರೆ ಮುನಿಯುವವರು ನಮ್ಮಲ್ಲಿಲ್ಲವೆ? ದಿನವಿಡೀ ಉಪವಾಸವಿದ್ದು, ಸಂಜೆ ಮನೆಯವರ ಒಂದು ಮಾತಿಗೆ ಕೆಂಡವಾಗುವವರಿಲ್ಲವೆ? ಕೊಟ್ಟುದೆಷ್ಟೆಂದು ಲೆಕ್ಕವಿಡುವುದಕ್ಕಿಂತ, ಕೊಟ್ಟಮೇಲೆ ಒಳಗೆ ಉಳಿದುದೇನೆಂದು ನೋಡಿಕೊಳ್ಳುವುದು ಸಾಧಕನ ಲಕ್ಷಣ. ಪೆರ್ಡಿಕಸನು ದೊರೆಯನ್ನು ಕೇಳಿದ ಆ ಪ್ರಶ್ನೆಯನ್ನು, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ಕುಳಿತಾಗ, ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಲಿ.