ಚಪ್ಪಟೆ ಗೆರೆಗಳಲ್ಲಿ ಆಳವೆಲ್ಲಿಂದ ಬಂದಿತು?

ಜಯನಗರದ ಮೆಟ್ರೋ ನಿಲ್ದಾಣದಲ್ಲಿ ನಿಂತು ಹಳಿಗಳನ್ನು ದಿಟ್ಟಿಸಿದರೆ, ಅವು ದೂರ ಹೋದಂತೆಲ್ಲ ಒಂದನ್ನೊಂದು ಸಮೀಪಿಸುವಂತೆ ಕಾಣುತ್ತವೆ. ಆದರೂ ಮುಂದೆ ಹಾದಿ ಕಿರಿದಾಗಿದೆಯೆಂದು ನಮ್ಮಲ್ಲಿ ಯಾರೂ ಹೆದರುವುದಿಲ್ಲ. ಅಕ್ಷಿಪಟದ ಮೇಲೆ ಬೀಳುವ ಬಿಂಬದಲ್ಲಿ ಆಳವಿಲ್ಲ. ಅದನ್ನು ಕೂಡಿಸುವುದು ಮಿದುಳಿನ ಕೆಲಸ. ಈ ಲೆಕ್ಕವನ್ನು ಯಂತ್ರಕ್ಕೆ ಕಲಿಸಬಹುದೆ?

ಎರಡು ಕಣ್ಣುಗಳಿದ್ದವರಿಗೆ ಒಂದು ಸುಲಭೋಪಾಯವುಂಟು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿರಿ: ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜಿಗಿಯುತ್ತದೆ. ಬೆರಳು ಹತ್ತಿರ ಬಂದಷ್ಟೂ ಜಿಗಿತ ಹೆಚ್ಚು. ಎರಡು ಬಿಂಬಗಳ ಈ ಅಂತರದಿಂದಲೇ ಆಳ ತೋರುವುದೆಂಬುದನ್ನು 1838ರಲ್ಲಿ ವೀಟ್‌ಸ್ಟೋನನು ತೋರಿಸಿಕೊಟ್ಟನು. ಆದರೆ ಎಡಬಿಂಬದ ಚುಕ್ಕೆಗೆ ಬಲಬಿಂಬದ ಯಾವ ಚುಕ್ಕೆ ಜೋಡಿ? 1976ರಲ್ಲಿ ಮಾರ್ ಮತ್ತು ಪೊಜ್ಜಿಯೊ ಎಂಬವರು ಎರಡೇ ನಿಯಮಗಳಿಂದ ಗಣಕಯಂತ್ರವು ಇದನ್ನು ಬಿಡಿಸುವಂತೆ ಮಾಡಿದರು: ಒಂದು ಚುಕ್ಕೆಗೆ ಒಂದೇ ಜೋಡಿ, ಮೇಲ್ಮೈಯ ದೂರವು ಬಹುಮಟ್ಟಿಗೆ ಮೆಲ್ಲಮೆಲ್ಲನೆ ಬದಲಾಗುತ್ತದೆ.

ಬರಿಯ ಗೆರೆಗಳ ಚಿತ್ರದಲ್ಲಿ ಈ ಉಪಾಯವೂ ನಡೆಯದು. ಮೂಲೆಯೊಂದು ನೇರ ಕೆಳಗೆ ಬರುವಂತೆ ಷಡ್ಭುಜವನ್ನು ಬರೆದು, ನಡುವಿನಿಂದ ಆ ಮೂಲೆಗೂ ಅಲ್ಲಿಂದ ಒಂದು ಬಿಟ್ಟು ಒಂದು ಮೂಲೆಗೂ ಗೆರೆಯೆಳೆಯಿರಿ. ಕೂಡಲೆ ಪೆಟ್ಟಿಗೆಯೊಂದು ಎದ್ದು ನಿಲ್ಲುತ್ತದೆ! ಉಳಿದ ಮೂರು ಮೂಲೆಗಳಿಗೆ ಎಳೆದರೆ ಪೆಟ್ಟಿಗೆಯನ್ನು ಕೆಳಗಿನಿಂದ ನೋಡಿದಂತಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಪಿ. ಅರುಣ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂತಹ ಚಿತ್ರಗಳೇ ಒರೆಗಲ್ಲಾದುವು. ಅಸಂಖ್ಯ ಛಾಯಾಚಿತ್ರಗಳಿಂದ ವಸ್ತುಗಳನ್ನು ಗುರುತಿಸಲು ಕಲಿತ ಗಣಕಜಾಲಗಳ ನೋಟವನ್ನು ಅವರು ಮನುಷ್ಯನ ನೋಟಕ್ಕೆ ಹೋಲಿಸಿದರು. ಗೆರೆಗಳ ವ್ಯತ್ಯಾಸ ಒಂದೇ ಆಗಿದ್ದರೂ, ಅವು ಘನಾಕೃತಿಯಾಗಿ ಕಂಡಾಗ ಮನುಷ್ಯನಿಗೆ ಭೇದವು ಬೇಗ ಹೊಳೆಯುತ್ತದೆ. ಜಾಲಗಳಿಗೆ ಹಾಗೆ ಹೊಳೆಯಲಿಲ್ಲ. ಅರ್ಧ ಮರೆಯಾದ ಆಕೃತಿಯನ್ನು ನಾವು ಇಡಿಯಾಗಿ ಕಾಣುವಂತೆಯೂ ಅವು ಕಾಣಲಿಲ್ಲ. ಬನಶಂಕರಿಯಲ್ಲಿ ಬಸ್ಸಿನ ಹಿಂದಿನಿಂದ ಇಣುಕುವ ಸ್ಕೂಟರಿನ ಮುಂಗಾಲಿಯನ್ನು ಕಂಡೊಡನೆ ಉಳಿದ ಸ್ಕೂಟರನ್ನೂ ಸವಾರನನ್ನೂ ನಾವು ಊಹಿಸಿ ನಿಲ್ಲುತ್ತೇವೆ. ಯಂತ್ರದ ಕೈಗೆ ವಾಹನವನ್ನು ಒಪ್ಪಿಸಹೊರಟವರು ಇದನ್ನು ಅಲಕ್ಷಿಸುವಂತಿಲ್ಲ.

ವಿಚಿತ್ರವೆಂದರೆ, ಥ್ಯಾಚರ್ ಭ್ರಮೆಗೆ ಜಾಲಗಳೂ ನಮ್ಮಂತೆಯೇ ಒಳಗಾದುವು. ಮುಖಚಿತ್ರವೊಂದರಲ್ಲಿ ಕಣ್ಣು ಬಾಯಿಗಳನ್ನು ಮಾತ್ರ ಬುಡಮೇಲು ಮಾಡಿ ಅಂಟಿಸಿದರೆ ನೋಡಲು ಭಯವಾಗುತ್ತದೆ. ಇಡೀ ಚಿತ್ರವನ್ನು ತಲೆಕೆಳಗು ಹಿಡಿದರೆ ಆ ವಿಕಾರ ಅಷ್ಟಾಗಿ ಗೋಚರಿಸದು. ಕಲಿಯುವ ಮೊದಲು ಜಾಲಗಳಲ್ಲಿ ಈ ಭ್ರಮೆಯಿರಲಿಲ್ಲ; ಕಲಿತ ಮೇಲೆ ಬಂದಿತು. ನೆಟ್ಟನೆಯ ಮುಖಗಳನ್ನೇ ಹೆಚ್ಚಾಗಿ ನೋಡಿದುದರಿಂದ ಹೀಗಾಗಿರಬೇಕೆಂದು ನಮಗೆ ತೋರುತ್ತದೆ.