ಬೇಜಾರಿಗೆ ಎಷ್ಟು ಇಂಗ್ಲಿಷು

ಪುಟ್ಟೀ, ನಿನ್ನೆ ರಾತ್ರಿ ನೀನು ಊಟದ ಮೇಜಿನ ಮೇಲೆ ನೋಟ್‌ಬುಕ್ ಬಿಟ್ಟು ಮಲಗಿದ್ದೆ. ತೆಗೆದಿಡಲು ಹೋದವಳು ಎರಡು ಪುಟ ಓದಿದೆ. ಆಂಗ್ಷಸ್, ಅಪ್ರಿಹೆನ್ಸಿವ್, ರೆಸ್ಟ್‌ಲೆಸ್, ಡೆಸ್ಪಾಂಡೆಂಟ್, ಸಲನ್. ಒಂದರ ಕೆಳಗೊಂದು ಪದ, ಪ್ರತಿ ಪದದ ಮುಂದೆ ಅರ್ಥವೆಂದು ಇನ್ನೊಂದು ಇಂಗ್ಲಿಷ್ ಪದ. ಮುಂದಿನ ತಿಂಗಳು ಸೂರತ್ತಿನಲ್ಲಿ ವಜ್ರಕ್ಕೆ ಸಾಣೆ ಹಿಡಿಯುವವರಿರುವ ವರಾಛಾ ಕಡೆಗೆ ಪ್ರಾಕ್ಟಿಕಲ್ಸ್‌ಗೆ ಹೋಗುವವಳು, ಎದುರು ಕೂತವರ ಮನಸ್ಸು ಹೇಗಿದೆ ಎಂದು ಇಂಗ್ಲಿಷಿನಲ್ಲಿ ಬರೆಯಬೇಕಾದವಳು ನೀನು. ಕಲಿಯಲೇಬೇಕು. ಆದರೆ ಹೀಗೆ ಕಲಿತದ್ದು ಪರೀಕ್ಷೆಗೆ ಸಾಕಾದೀತು, ಎದುರು ಕೂತವರಿಗೆ ಸಾಲದು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿನ್ನ ಅಜ್ಜಿ ಧಾರವಾಡದಲ್ಲಿ ತೀರಿಕೊಂಡಾಗ ನಾವು ಸೂರತ್ತಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಕಾರ್ಯ ಮುಗಿಸಿ ವಾಪಸು ಬಂದ ಮೇಲೆ ನನಗೆ ಯಾವ ಕೆಲಸಕ್ಕೂ ಕೈ ಏಳುತ್ತಿರಲಿಲ್ಲ. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದು, ಕಪ್ಪಾಗಿ, ಹೊಗೆ ಎದ್ದರೂ ಸೌಟು ಹಿಡಿದು ಹಾಗೇ ನಿಂತಿರುತ್ತಿದ್ದೆ. ನಿನ್ನ ದೊಡ್ಡಪ್ಪ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನನಗೆ ಗುಜರಾತಿ ಬಾರದು, ಹಿಂದಿ ಅರ್ಧಮರ್ಧ. ಬೇಜಾರು ಎನ್ನುವುದಕ್ಕೆ ಗೊತ್ತಿದ್ದ ಒಂದೇ ಇಂಗ್ಲಿಷ್ ಪದ ಬೋರ್. ಅದನ್ನೇ ಹೇಳಿದೆ. ಹೊಲಿಗೆ ಕ್ಲಾಸಿಗೆ ಸೇರಿಕೊಳ್ಳಿ ಎಂದರು. ನಾನು ಕೊಟ್ಟ ಪದಕ್ಕೆ ಅದೇ ಸರಿಯಾದ ಮದ್ದು. ನನಗಿದ್ದದ್ದು ಗ್ರೀಫ್ ಎಂದು ಗೊತ್ತಾಗುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

ನಮ್ಮ ಬೇಜಾರು ಎಂಬ ಒಂದು ಪದವನ್ನೇ ಬಿಡಿಸಿ ನೋಡು. ಪಾಠ ಬೇಜಾರು ಎಂದರೆ ಬೋರ್‌ಡಮ್. ಅತ್ತೆ ಮಾತಾಡಿಸಲಿಲ್ಲ ಎಂದು ಬೇಜಾರಾದರೆ ಹರ್ಟ್. ನೀನು ಊರಿಗೆ ಹೋದ ಮೇಲೆ ಮನೆಯಲ್ಲಿ ಬೇಜಾರು ಎಂದರೆ ಲೋನ್ಲಿನೆಸ್. ಕೆಟ್ಟ ಸುದ್ದಿ ಕೇಳಿ ಬೇಜಾರಾಯ್ತು ಎಂದರೆ ಸ್ಯಾಡ್‌ನೆಸ್. ಕನ್ನಡದಲ್ಲಿ ಮುಖ ನೋಡಿ, ದನಿ ಕೇಳಿ ಯಾವ ಬೇಜಾರೆಂದು ತಿಳಿದುಕೊಳ್ಳುತ್ತೇವೆ. ಇಂಗ್ಲಿಷಿಗೆ ದಾಟಿಸುವಾಗ ಮೊದಲು ಯಾವುದೆಂದು ನೀನೇ ಗೊತ್ತುಮಾಡಿಕೊಳ್ಳಬೇಕು.

ಅದಕ್ಕೇ ಪ್ರತಿ ಇಂಗ್ಲಿಷ್ ಪದವನ್ನೂ ಮೈಗೆ ಹಚ್ಚಿ ನೋಡು ಎನ್ನುತ್ತೇನೆ. ಆಂಗ್ಷಸ್ ಎಂಬುದರ ಲ್ಯಾಟಿನ್ ಬೇರಿನ ಅರ್ಥ ಕತ್ತು ಹಿಸುಕುವುದು. ಗ್ರೀಫ್‌ನ ಬೇರು ಭಾರ. ಡಿಪ್ರೆಸ್ ಎಂದರೆ ಕೆಳಕ್ಕೆ ಒತ್ತುವುದು. ಉಸಿರು ಕಟ್ಟಿದ ಹಾಗಾಯ್ತು, ಎದೆ ಭಾರವಾಯ್ತು, ಮನಸ್ಸು ಕುಗ್ಗಿತು ಎಂದು ನಮ್ಮವರು ಹೇಳುತ್ತಲೇ ಬಂದಿಲ್ಲವೇ? ಇಲ್ಲಿಯವರ ಗುಜರಾತಿ ಪದ ಗಭರಾಮಣ್ ಕೂಡ ಹಾಗೆಯೇ. ಮನಸ್ಸು ಗಾಬರಿಯಾದರೂ ಅದೇ ಮಾತು, ಎದೆ ಬಿಗಿದು ಉಸಿರು ಸಿಗದಿದ್ದರೂ ಅದೇ ಮಾತು. ಆ ಪದ ಕೇಳಿದ ಕೂಡಲೇ ಆಂಗ್ಸೈಟಿ ಎಂದು ಬರೆದುಬಿಡಬೇಡ. ಎದೆನೋವಿದೆಯೇ, ಡಾಕ್ಟರಿಗೆ ತೋರಿಸಿದ್ದೀರಾ ಎಂದು ಮೊದಲು ಕೇಳು. ಡಿಪ್ರೆಷನ್ ಅನ್ನಂತೂ ತೀರ ಜೋಪಾನವಾಗಿ ಬಳಸು. ಅದು ಕಾಯಿಲೆಯ ಹೆಸರೂ ಹೌದು. ಲಕ್ಷಣಗಳು ಕನಿಷ್ಠ 2 ವಾರ ಬಿಡದೆ ಇರಬೇಕೆಂದು ನಿನ್ನ ಪುಸ್ತಕವೇ ಹೇಳುತ್ತದೆ.

ಮಹೀಧರಪುರದ ವಜ್ರದ ಪೇಟೆಗೆ ಹೋದದ್ದು ನೆನಪಿದೆಯಾ? ಅಲ್ಲಿನ ಹಿರಿಯರು ಬಿಳಿ ಕಾಗದ ಮಡಿಸಿ, ಆ ಮಡಿಕೆಯಲ್ಲಿ ಕಲ್ಲನ್ನು ಬೋರಲಾಗಿಟ್ಟು, ಪಕ್ಕದಿಂದ ಬಗ್ಗಿ ನೋಡುತ್ತಿದ್ದರು. ಬಣ್ಣದ ದರ್ಜೆ ಡಿ ಇಂದ ಝಡ್‌ವರೆಗೆ. ಒಂಟಿ ಕಲ್ಲು ನಮ್ಮ ಕಣ್ಣಿಗೆ ಬೆಳ್ಳಗೇ ಕಂಡಿತ್ತು. ಮಾದರಿ ಕಲ್ಲು ಪಕ್ಕಕ್ಕಿಟ್ಟಾಗ ಹಳದಿ ಛಾಯೆ ಕಂಡಿತು. ಪದಗಳನ್ನೂ ಹಾಗೇ ಅಕ್ಕಪಕ್ಕ ಇಟ್ಟು ಕಲಿ. ನಾಳೆಯ ಸಂದರ್ಶನ ನೆನೆದು ಆಗುವ ಅಳುಕು ಅಪ್ರಿಹೆನ್ಸಿವ್. ಇಂಥದ್ದಕ್ಕೇ ಎಂದು ಹೇಳಲಾಗದೆ ಒಳಗೇ ಕಾಡುವ ಕಳವಳ ಆಂಗ್ಷಸ್‌ಗೆ ಹತ್ತಿರ. ಕೂತಲ್ಲಿ ಕೂರದ ಚಡಪಡಿಕೆ ರೆಸ್ಟ್‌ಲೆಸ್. ಅದು ಕೈಕಾಲಿನಲ್ಲಿ ಕಾಣುತ್ತದೆ. ಇನ್ನೊಬ್ಬರಲ್ಲಿರುವುದು ತನಗಿಲ್ಲವೆಂಬ ಹೊಟ್ಟೆಕಿಚ್ಚು ಎನ್ವಿ. ತನ್ನದನ್ನು ಇನ್ನೊಬ್ಬರು ಕಿತ್ತುಕೊಂಡಾರೆಂಬ ಸಂಕಟ ಜೆಲಸಿ. ದಿನಕ್ಕೆ ಮೂರೇ ಪದ ಸಾಕು. ಒಂದೊಂದರ ಮುಂದೆಯೂ ನೀನು ಕಂಡ ಒಬ್ಬರ ಮುಖವನ್ನು ನೆನಪಿಗೆ ತಂದು ಎರಡು ಸಾಲು ಬರೆ, ಹೆಸರು ಬೇಡ.

ಕನ್ನಡದಲ್ಲಿ ಇದಕ್ಕೆ ಆಸರೆ ಇಲ್ಲ ಅಂದುಕೊಳ್ಳಬೇಡ. ಡಾ. ಎಂ. ಶಿವರಾಂ ಮನೋವೈದ್ಯಕೀಯದ ವಿಷಯವಾಗಿ ಕನ್ನಡದಲ್ಲೇ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ನಮ್ಮ ಕಪಾಟಿನಲ್ಲೇ ಇವೆ. ಇಂಗ್ಲಿಷ್ ಪುಸ್ತಕದ ಪಕ್ಕಕ್ಕೆ ಅವನ್ನೂ ಇಟ್ಟುಕೋ.

ಭರತನಾಟ್ಯಕ್ಕೆ ಹೋಗುವಾಗ 33 ಸಂಚಾರಿ ಭಾವಗಳನ್ನು ಬಾಯಿಪಾಠ ಮಾಡಿದ್ದೆಯಲ್ಲ, ಅದರಲ್ಲಿ ಅವಹಿತ್ಥ ಎಂದೊಂದು ಬರುತ್ತದೆ: ಒಳಗಿನ ಭಾವ ಹೊರಗೆ ಕಾಣದಂತೆ ಮರೆಮಾಚುವುದು. ವರಾಛಾದಲ್ಲಿ ಅದನ್ನು ದಿನವೂ ಕಾಣುತ್ತೀಯೆ. 2008ರ ಕೊನೆಯಲ್ಲಿ ವಜ್ರದ ವ್ಯಾಪಾರ ಕುಸಿದಾಗ, ದೀಪಾವಳಿಗೆಂದು ಸೌರಾಷ್ಟ್ರದ ಊರುಗಳಿಗೆ ಹೋದವರಲ್ಲಿ ಎಷ್ಟೋ ಜನರ ಕಾರ್ಖಾನೆ ಮತ್ತೆ ಬಾಗಿಲು ತೆರೆಯಲಿಲ್ಲ. ಆಗಲೂ ದಾರಿಯಲ್ಲಿ ಸಿಕ್ಕವರನ್ನು ಕೇಮ್ ಛೋ, ಹೇಗಿದ್ದೀರಿ ಎಂದು ಕೇಳಿದರೆ ಮಜಾಮಾ, ಚೆನ್ನಾಗಿದ್ದೇವೆ ಎನ್ನುತ್ತಿದ್ದರು.

ಮೂಡ್ ಎಂದರೆ ಅವರು ಹೇಳಿದ್ದು, ಅಫೆಕ್ಟ್ ಎಂದರೆ ನೀನು ಕಂಡದ್ದು ಎಂದು ನೀನೇ ನನಗೆ ವಿವರಿಸಿದ್ದೆ. ಹಾಗಾದರೆ ಮೂಡ್ ಎಂಬಲ್ಲಿ ಮಜಾಮಾ ಎಂದೇ ಬರೆ, ಅವರದೇ ಮಾತಿನಲ್ಲಿ. ಗಡಿಬಿಡಿ ಮಾಡದೆ ಸ್ವಲ್ಪ ಹೊತ್ತು ಸುಮ್ಮನೆ ಕೂರು. ಮುಖದಲ್ಲಿ ಯಾವ ಭಾವವೂ ಏಳದಿದ್ದರೆ ಫ್ಲಾಟ್, ಎದ್ದರೂ ತೀರ ಮಂಕಾಗಿದ್ದರೆ ಬ್ಲಂಟೆಡ್, ನಗುತ್ತಲೇ ಕಣ್ಣು ತುಂಬಿ ಮರುಗಳಿಗೆ ಸಿಡುಕಿದರೆ ಲೇಬೈಲ್. ಸಾಣೆ ಹಿಡಿದು ಹಿಡಿದು ಸವೆದ ಬೆರಳುಗಳು ಮಡಿಲಲ್ಲಿ ಏನು ಮಾಡುತ್ತಿವೆ ಎಂದೂ ನೋಡು. ಅದಕ್ಕೆ ಪದ ಸಿಗದಿದ್ದರೆ ಕಂಡದ್ದನ್ನೇ ಕಂಡ ಹಾಗೆ ಬರೆದುಕೊಂಡು ಬಾ, ರಾತ್ರಿ ಇಬ್ಬರೂ ಕೂತು ಹುಡುಕೋಣ.