ಸೋರಿಯಾಸಿಸ್ ಇರುವವರಿಗೆ ಲಸಿಕೆ ಫಲಿಸುವುದೇ?

‘ಡಾಕ್ಟರೇ, ನನಗೆ ಸೋರಿಯಾಸಿಸ್ ಇದೆ. ಲಸಿಕೆ ಹಾಕಿಸಿಕೊಂಡರೆ ಕಾಯಿಲೆ ಕೆರಳುವುದಿಲ್ಲವೇ? ಹಾಕಿಸಿಕೊಂಡರೂ ನಮ್ಮಂಥವರಿಗೆ ಅದರಿಂದ ಪ್ರಯೋಜನವಿದೆಯೇ?’ ಇದು ಅನೇಕ ರೋಗಿಗಳ ಪ್ರಶ್ನೆ. ಈ ಅನುಮಾನದಿಂದಲೇ ಲಸಿಕೆಯಿಂದ ದೂರ ಉಳಿಯುವವರೂ ಇದ್ದಾರೆ.

ಸೋರಿಯಾಸಿಸ್ ಅಂಟುರೋಗವಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಕೆರಳಿದಾಗ ಚರ್ಮದ ಜೀವಕೋಶಗಳು ಅತಿ ವೇಗವಾಗಿ ಬೆಳೆದು, ಮಚ್ಚೆಗಳ ಮೇಲೆ ಬಿಳಿಯ ಹೊಟ್ಟು ಕಟ್ಟುತ್ತದೆ. ಹಾಗೆಂದು ರೋಗಿಯ ನಿರೋಧಕ ಶಕ್ತಿ ಕುಂದಿದೆ ಎಂದಲ್ಲ. ಬರೀ ಮುಲಾಮು ಹಚ್ಚುವವರಿಗೆ ಲಸಿಕೆ ಇತರರಿಗೆ ಫಲಿಸುವಂತೆಯೇ ಫಲಿಸುತ್ತದೆ.

ವ್ಯತ್ಯಾಸವಾಗುವುದು ಕೆಲವು ಔಷಧಗಳಿಂದ. ವಾರಕ್ಕೊಮ್ಮೆ ಸೇವಿಸುವ ಮೆಥೊಟ್ರೆಕ್ಸೇಟ್ ಇವುಗಳಲ್ಲಿ ಮುಖ್ಯವಾದದ್ದು. ಸಂಧಿವಾತ, ಸೋರಿಯಾಸಿಸ್‌ಗಳಿಗಾಗಿ ಇದನ್ನು ಸೇವಿಸುತ್ತಿದ್ದ 254 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕೋವಿಡ್ ಬೂಸ್ಟರ್ ನಂತರ 2 ವಾರ ಮಾತ್ರೆ ನಿಲ್ಲಿಸಿದವರ ರಕ್ತದಲ್ಲಿ, ನಿಲ್ಲಿಸದವರಿಗಿಂತ ಸುಮಾರು ಎರಡರಷ್ಟು ಪ್ರತಿಕಾಯಗಳಿದ್ದವು. ಆದರೆ ಮಾತ್ರೆ ನಿಲ್ಲಿಸಿದವರಲ್ಲಿ ಕಾಯಿಲೆ ಉಲ್ಬಣಿಸಿದ್ದೂ ಹೆಚ್ಚು. ಆದ್ದರಿಂದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅದನ್ನು ವೈದ್ಯರು ನಿರ್ಧರಿಸಲಿ. ಮಾತ್ರೆ ನಿಲ್ಲಿಸಲಾಗದವರೂ ಲಸಿಕೆ ಬಿಡಬಾರದು. ರಕ್ಷಣೆ ಕಡಿಮೆಯಾದೀತು, ಇಲ್ಲವಾಗದು. ಸೆಕುಕಿನುಮ್ಯಾಬ್‌ನಂಥ ಹೊಸ ಚುಚ್ಚುಮದ್ದಿನ ಅಧ್ಯಯನಗಳಲ್ಲಿ ಫ್ಲೂ ಲಸಿಕೆಯ ಪರಿಣಾಮ ಕುಗ್ಗಿದ್ದು ಕಂಡುಬಂದಿಲ್ಲ.

ಯಾವ ಲಸಿಕೆ ಎಂಬುದೂ ಮುಖ್ಯ. ಫ್ಲೂ ಚುಚ್ಚುಮದ್ದು, ನ್ಯುಮೋನಿಯಾ, ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆಗಳಲ್ಲಿ ಜೀವಂತ ರೋಗಾಣು ಇರುವುದಿಲ್ಲ. ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರೂ ಇವನ್ನು ಹಾಕಿಸಿಕೊಳ್ಳಬಹುದು. ಆದರೆ ದಡಾರ-ಮಂಗನಬಾವು-ರುಬೆಲ್ಲಾ, ಚಿಕನ್‌ಪಾಕ್ಸ್, ಹಳದಿ ಜ್ವರ, ಬಿಸಿಜಿ ಇವು ದುರ್ಬಲಗೊಳಿಸಿದ ಜೀವಂತ ರೋಗಾಣುಗಳ ಲಸಿಕೆಗಳು. ಇಂಥ ಔಷಧ ನಡೆಯುವಾಗ ಸಾಮಾನ್ಯವಾಗಿ ಇವನ್ನು ಕೊಡುವುದಿಲ್ಲ. ಬೇಕಿದ್ದರೆ ಚಿಕಿತ್ಸೆ ಆರಂಭವಾಗುವ ಕನಿಷ್ಠ 4 ವಾರ ಮುಂಚೆಯೇ ಹಾಕಿಸಿಕೊಳ್ಳಬೇಕು.

ಗರ್ಭಿಣಿಯಿದ್ದಾಗ ಬಯೋಲಾಜಿಕ್ ಚುಚ್ಚುಮದ್ದು ಪಡೆದ ತಾಯಂದಿರು, ಮಗುವಿಗೆ ಬಿಸಿಜಿ ಹಾಕುವ ಮುಂಚೆ ಮಕ್ಕಳ ವೈದ್ಯರಿಗೆ ಅದನ್ನು ತಪ್ಪದೆ ತಿಳಿಸಬೇಕು. ಕೆಲವು ಬಯೋಲಾಜಿಕ್‌ಗಳು ತಾಯಿಯಿಂದ ಮಗುವಿನ ರಕ್ತ ಸೇರಿ ತಿಂಗಳುಗಟ್ಟಲೆ ಉಳಿಯುವುದರಿಂದ ಬಿಸಿಜಿಯನ್ನು ಮುಂದೂಡಬೇಕಾಗಬಹುದು.

ಚರ್ಮಕ್ಕೆ ಗಾಯವಾದ ಕಡೆ ಹೊಸ ಮಚ್ಚೆ ಏಳುವುದು ಸೋರಿಯಾಸಿಸ್‌ನ ಸ್ವಭಾವ. ಸೂಜಿ ಚುಚ್ಚಿದ ಜಾಗದಲ್ಲೂ ಅಪರೂಪಕ್ಕೆ ಹೀಗಾಗುವುದುಂಟು. ಇದು ಲಸಿಕೆ ಬಿಡಲು ಕಾರಣವಲ್ಲ. ಮಚ್ಚೆಯಿಲ್ಲದ ಚರ್ಮದಲ್ಲಿ ಹಾಕಿಸಿಕೊಂಡರೆ ಸಾಕು.

ನಾಯಿ ಕಚ್ಚಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆಗೆ ಸೋರಿಯಾಸಿಸ್ ಅಡ್ಡಿಯಲ್ಲ. ಆದರೆ ನೀವು ಸೇವಿಸುವ ಔಷಧವನ್ನು ತಿಳಿಸಿ. ಅದಕ್ಕೆ ತಕ್ಕಂತೆ ಚಿಕಿತ್ಸೆಯನ್ನು ಬಿಗಿಗೊಳಿಸಬೇಕಾಗಬಹುದು.

ಲಸಿಕೆಗೆ ಹೋಗುವಾಗ ಔಷಧಚೀಟಿ ಜೊತೆಗಿರಲಿ. ಮನೆಮಂದಿಯೂ ತಮ್ಮ ಲಸಿಕೆಗಳನ್ನು ಸಕಾಲಕ್ಕೆ ಹಾಕಿಸಿಕೊಂಡರೆ ರೋಗಿಗೆ ಸೋಂಕು ತಗಲುವ ಸಂಭವ ಇನ್ನಷ್ಟು ಕಡಿಮೆಯಾಗುತ್ತದೆ.